ಇಳಿಯದ ಗಾಜು

ಜೂನ್ ೩, ಸೋಮವಾರ

ಈ ಡೈರಿ ಯಾವುದೋ ಬ್ಯಾಟರಿ ಕಂಪನಿಯವರು ಇವರ ಅಂಗಡಿಗೆ ಕೊಟ್ಟದ್ದು. ಒಂಬತ್ತು ವರ್ಷ ಹಳೆಯದು. ತಾರೀಕು ಸರಿ, ವಾರ ತಪ್ಪು. ವಾರ ಹೊಡೆದುಹಾಕಿ ನಾನೇ ಬರೆದುಕೊಳ್ಳಬೇಕು. ವ್ಯಾಯಾಮ ಮಾಡಿಸುವ ಮೇಡಂ ಒಂದು ಹಾಳೆ ಕೊಟ್ಟಿದ್ದಾಳೆ. ಎಡಗೈ ಎಷ್ಟು ಸಲ ಎತ್ತಿದರು, ಮನೆಯವರ ಜೊತೆ ಎಷ್ಟು ಮಾತಾಡಿದರು, ಹೊರಗಿನವರ ಜೊತೆ ಎಷ್ಟು ಅಂತ ದಿನಾ ತುಂಬಬೇಕಂತೆ. ಆ ಹಾಳೆ ಅವಳಿಗೆ, ಈ ಡೈರಿ ನನಗೆ. ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರ ತುಕ್ಕು ಹಿಡಿದಿದೆ, ಉಜ್ಜಿದರೆ ಓಡುತ್ತದೆ.

ಇವರಿಗೆ ಲಕ್ವ ಹೊಡೆದು ಏಳು ವಾರ. ಎಡಗಾಲು ಸ್ವಲ್ಪ ಮರಳಿದೆ, ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಎಡಗೈ ಮಾತ್ರ ಬಾಡಿಗೆಗೆ ತಂದದ್ದರ ಹಾಗೆ ತೂಗಾಡುತ್ತದೆ. ಮಾತು ಹೋಗಿಲ್ಲ, ನಾಲಿಗೆ ದಪ್ಪವಾಗಿದೆ ಅಷ್ಟೆ, ಆಡುತ್ತಾ ಆಡುತ್ತಾ ಸರಿಹೋಗುತ್ತೆ ಅಂತಾರೆ ಡಾಕ್ಟರು. ಆಡಬೇಕಲ್ಲ. ಆಸ್ಪತ್ರೆಯಲ್ಲಿ ಮೊದಲ ಸಲ ನೀರು ಕೇಳಿದಾಗ ಪಕ್ಕದ ಮಂಚದವನು ನಕ್ಕುಬಿಟ್ಟ. ಅವತ್ತು ಮುಚ್ಚಿದ ಬಾಯಿ, ಊಟಕ್ಕೆ ಮಾತ್ರ ತೆರೆಯುತ್ತದೆ. ಮೂರು ತಿಂಗಳೊಳಗೆ ಎಷ್ಟು ಮರಳುತ್ತದೋ ಅಷ್ಟೇ, ಆಮೇಲೆ ಉಳಿದದ್ದು ಉಳಿದ ಹಾಗೇ ಅಂದಿದ್ದಾರೆ. ಇನ್ನು ಐದು ವಾರ ಇದೆ.

ಸೋಮ, ಬುಧ, ಶುಕ್ರ ಮಗಳು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುವ ಮುಂಚೆ ನಮ್ಮನ್ನು ಕಾರಿನಲ್ಲಿ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಾಳೆ. ಕಾರು ಇವರದೇ, ಇಪ್ಪತ್ತೆರಡು ವರ್ಷದ್ದು. ಇವರು ನಲವತ್ತು ವರ್ಷ ಕಾರುಗಳ ವೈರಿಂಗ್ ಕೆಲಸ ಮಾಡಿದವರು. ಓದು ಬರಹ ಇಲ್ಲ, ಸಹಿ ಮಾತ್ರ. ವೈರಿನ ಬಣ್ಣಗಳೇ ಇವರ ಅಕ್ಷರ. ನಲವತ್ತಾರು ವರ್ಷದ ಸಂಸಾರದಲ್ಲಿ ಕಾರುಗಳ ಜೊತೆ ಆಡಿದಷ್ಟು ಮಾತು ನನ್ನ ಜೊತೆ ಆಡಿಲ್ಲ.

ಹೋದ ವಾರ ನಾನೊಂದು ಉಪಾಯ ಮಾಡಿದ್ದೆ. ಕಾರಿನಿಂದ ಇಳಿಯುವಾಗ ಹಿಡಿದುಕೊಳ್ಳಲು ಇವರಿಗೆ ಏನೂ ಇರಲಿಲ್ಲ, ನಾನೂ ಮಗಳೂ ಮೂಟೆ ಇಳಿಸಿದ ಹಾಗೆ ಇಳಿಸುತ್ತಿದ್ದೆವು. ಹಳೆಯ ಪರದೆಯನ್ನು ಹರಿದು ಹುರಿ ಹೊಸೆದು ಹಗ್ಗ ಮಾಡಿದೆ. ಬಾಗಿಲಿನ ಕೀಲಿನ ಹತ್ತಿರ, ಬಾಗಿಲಿಗೂ ಕಾರಿಗೂ ನಡುವೆ ಒಂದು ಗಟ್ಟಿ ರಬ್ಬರಿನ ಕೊಳವೆ ಇದೆ. ಅದಕ್ಕೆ ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಬಲಗೈಯಿಂದ ಹಗ್ಗ ಜಗ್ಗಿ ಇವರೇ ಎದ್ದು ನಿಲ್ಲುತ್ತಾರೆ. ಬಾಗಿಲು ಹಾಕಿದರೆ ಗಂಟು ಸಂದಿಯಲ್ಲಿ ಅಡಗಿಕೊಳ್ಳುತ್ತದೆ, ನೋಡಿದವರಿಗೆ ಕಾಣುವುದೂ ಇಲ್ಲ. ನೀನು ಎಂಜಿನಿಯರ್ ಆಗಬೇಕಿತ್ತಮ್ಮ ಅಂದಳು ಮಗಳು. ಇವರು ಕಣ್ಣು ಮುಚ್ಚಿಕೊಂಡರು. ಹೊಗಳಿಕೆ ಬೇರೆಯವರಿಗೆ ಬಿದ್ದಾಗಲೆಲ್ಲ ಇವರಿಗೆ ನಿದ್ದೆ ಬರುತ್ತದೆ.

ಇವತ್ತು ಇವರ ಪಕ್ಕದ ಗಾಜು ಇಳಿಯಲಿಲ್ಲ. ಗಾಜು ಇಳಿಸಿ, ಬಲಗೈಯಿಂದ ಎಡಗೈಯನ್ನು ಎತ್ತಿ ಕಿಟಕಿಯ ಅಂಚಿನ ಮೇಲೆ ಇಟ್ಟುಕೊಂಡು, ಏನೂ ಆಗಿಲ್ಲದವರ ಹಾಗೆ ಕೂರುವುದು ಇವರ ರೂಢಿ. ಮಗಳು ಗುಂಡಿ ಒತ್ತಿದಳು, ನಾನು ಹಿಂದಿನಿಂದ ಬಗ್ಗಿ ಒತ್ತಿದೆ. ಏನೂ ಇಲ್ಲ. ಇವರು ದಾರಿಯುದ್ದಕ್ಕೂ ಗಾಜು ಬಡಿದರು, ಆಮೇಲೆ ಬಾಗಿಲಿನ ಮುಂದಿನ ಮೂಲೆ ಬಡಿದರು. ಸೆಕೆ ಇರಬೇಕು ಅಂತ ಹಿಂದಿನ ಎರಡೂ ಗಾಜು ಇಳಿಸಿದೆ. ಬಡಿಯುವುದು ನಿಲ್ಲಲಿಲ್ಲ. ಅಲ್ಲಿ ಹೋಗಿ ನಿಂತರೆ ಇಳಿಯಲೇ ಇಲ್ಲ. ಹಗ್ಗ ಕೈಗೆ ಕೊಟ್ಟೆ, ತಳ್ಳಿಬಿಟ್ಟರು. ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸು ಬಂದೆವು.

ಹಾಳೆಯಲ್ಲಿ ಎಡಗೈ ಹತ್ತು ಸಲ, ಮನೆಯವರ ಜೊತೆ ಮಾತು ಆರು ಅಂತ ಸುಳ್ಳೇ ತುಂಬಿದೆ. ಹೊರಗಿನವರ ಜೊತೆ ಅನ್ನುವ ಕಡೆ ಖಾಲಿ ಬಿಟ್ಟೆ. ಯಾರ ಜೊತೆ ಅಂತ ಮೇಡಂ ಕೇಳಿದರೆ ಯಾರನ್ನು ತೋರಿಸಲಿ.

ಜೂನ್ ೫, ಬುಧವಾರ

ಮಗಳು ಒಂದು ಗಂಟೆ ಮುಂಚೆ ಬಂದು ಫೋನಿನಲ್ಲಿ ನೋಡಿಕೊಂಡು ರಿಪೇರಿ ಶುರು ಮಾಡಿದಳು. ಮೊದಲು ಫ್ಯೂಸು. ಅದು ಚೆನ್ನಾಗಿದೆ, ಉಳಿದ ಮೂರು ಗಾಜೂ ಇಳಿಯುತ್ತವೆ. ಡ್ರೈವರ್ ಪಕ್ಕದಲ್ಲಿ ಎಲ್ಲ ಗಾಜಿಗೂ ಬೀಗ ಹಾಕುವ ಒಂದು ಗುಂಡಿ ಇದೆಯಂತೆ, ಮಕ್ಕಳು ಕೈ ಹೊರಗೆ ಹಾಕದ ಹಾಗೆ. ಅದೂ ತೆರೆದೇ ಇತ್ತು. ಗಾಜು ಸಿಕ್ಕಿಕೊಂಡಿದೆಯೋ ಅಂತ ನಾನು ಹೊರಗಿನಿಂದ ಎರಡೂ ಅಂಗೈ ಒತ್ತಿ ಕೆಳಕ್ಕೆ ದಬ್ಬುತ್ತಿದ್ದೆ, ಅವಳು ಒಳಗಿನಿಂದ ಗುಂಡಿ ಒತ್ತುತ್ತಿದ್ದಳು. ಇವರು ನಡುವೆ ಕೂತು ನನ್ನನ್ನು ಗಾಜಿನೊಳಗಿಂದ ನೋಡುತ್ತಿದ್ದರು. ಮದುವೆಗೆ ಹೆಣ್ಣು ನೋಡಲು ಬಂದಾಗಲೂ ಇಷ್ಟು ಹೊತ್ತು ನೋಡಿರಲಿಲ್ಲ.

ದಾರಿಯಲ್ಲಿ ಮತ್ತೆ ಬಡಿತ. ಗಾಜು, ಮೂಲೆ, ಗಾಜು, ಮೂಲೆ. ಬಾಗಿಲು ತೆಗೆದು ಹಾರಿಯೇಬಿಡುತ್ತಾರೋ ಅಂತ ನಾನು ಹಿಂದಿನಿಂದ ಅಂಗಿ ಹಿಡಿದುಕೊಂಡು ಕೂತೆ. ಇವತ್ತೂ ಇಳಿಯಲಿಲ್ಲ. ಮೇಡಮ್ಮೇ ಕಾರಿನ ಹತ್ತಿರ ಬಂದು, ಏನು ತಾತ, ಕೋಪಾನಾ ಅಂತ ಕೇಳಿದಳು. ಇವರು ಎದುರಿನ ಗೋಡೆ ನೋಡಿದರು.

ಜೂನ್ ೭, ಶುಕ್ರವಾರ

ಇವತ್ತು ಮಂಚದಿಂದಲೇ ಏಳಲಿಲ್ಲ. ಮಗಳು ಬೇಡಿಕೊಂಡಳು, ನಾನು ಬೈದೆ. ಬೇಡಿದ್ದಕ್ಕೂ ಬೈದದ್ದಕ್ಕೂ ಒಂದೇ ಮುಖ. ಮಗಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರು ಪೋಲಾಗುತ್ತೆ, ಸುಮ್ಮನೆ ಅಳು ಅಂದೆ.

ಅವಳು ಹೋದಮೇಲೆ ಯೋಚನೆ ಮಾಡಿದೆ. ಗಾಜು ಇಳಿಯುತ್ತಿದ್ದಷ್ಟು ದಿನ ವಾರಕ್ಕೆ ಮೂರು ಸಲ ಹೋಗುತ್ತಿದ್ದರು, ಚೆಂಡು ಹಿಸುಕಲು ನೋಡುತ್ತಿದ್ದರು. ಗಾಜು ನಿಂತ ದಿನದಿಂದ ಇವರೂ ನಿಂತರು. ಗಾಳಿ ಬೇಕೋ, ಕೈ ಇಡಲು ಅಂಚು ಬೇಕೋ, ಹಟವೋ, ದೇವರಿಗೇ ಗೊತ್ತು. ಗಾಜು ಇಳಿದರೆ ಇವರೂ ಇಳಿಯುತ್ತಾರೆ. ಇರುವುದು ಇನ್ನು ಮೂವತ್ತೊಂದು ದಿನ.

ಬಲ್ಬನಿಗೆ ಫೋನು ಮಾಡಿದೆ.

ಜೂನ್ ೯, ಭಾನುವಾರ

ಬಲ್ಬು ಇವರ ಹತ್ತಿರ ಕೆಲಸ ಕಲಿತವನು. ಬಂದ ಮೊದಲ ದಿನವೇ ಮೂರು ಬಲ್ಬು ಸುಟ್ಟ, ಆ ಹೆಸರೇ ಉಳಿಯಿತು. ಈಗ ಮೀಸೆ ಬೆಳ್ಳಗಾಗಿದೆ, ಸ್ವಂತ ಗ್ಯಾರೇಜಿದೆ, ಅಲ್ಲಿಯ ಬೋರ್ಡಿನಲ್ಲಿ ಬೇರೆ ಹೆಸರಿದೆ. ಈ ಮನೆಗೆ ಬಂದರೆ ಬಲ್ಬೇ. ಕೈ ಒಳ್ಳೆಯದು, ಬಾಯಿ ಸೋರುತ್ತದೆ. ಇಲ್ಲಿ ಸೀನಿದರೆ ಅವನ ಗ್ಯಾರೇಜಿನಲ್ಲಿ ಎಲ್ಲರೂ ಮೂಗು ಒರೆಸಿಕೊಳ್ಳುತ್ತಾರೆ.

ಅವನು ಬರುವ ಹೊತ್ತಿಗೆ ಇವರು ಕಾರಿನಲ್ಲಿದ್ದರು. ಮಂಚದಿಂದ ಏಳದವರು, ಗೋಡೆ ಹಿಡಿದು, ಕೋಲು ಹಿಡಿದು, ತಗಡಿನ ಚಪ್ಪರದ ಕೆಳಗಿರುವ ಕಾರಿನವರೆಗೆ ಯಾವಾಗ ಹೋದರೋ ಕಾಣೆ. ಬಾಗಿಲು ಹಾಕಿಕೊಂಡು ಒಳಗಿನಿಂದ ಲಾಕ್ ಒತ್ತಿಕೊಂಡಿದ್ದರು.

ಬಲ್ಬು ಡ್ರೈವರ್ ಬಾಗಿಲಿನಿಂದ ಒಳಗೆ ಹೋಗಿ ಅಲ್ಲಿಯ ಗುಂಡಿಗಳ ಹಲಗೆ ಬಿಚ್ಚಿದ. ಹಿಂದಿನ ಬಾಗಿಲಿನ ಗುಂಡಿ ತಂದು ಇಲ್ಲಿ ಹಾಕಿ ನೋಡಿದ. ಇಲ್ಲ. ಇಲ್ಲಿಯದು ಅಲ್ಲಿ ಹಾಕಿದ, ಅಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಹಾಗಾದರೆ ಗುಂಡಿಯದಲ್ಲ, ಮೋಟರೇ ಹೋಗಿರಬೇಕು, ಕಾರು ಗ್ಯಾರೇಜಿಗೆ ತಗೊಂಡು ಹೋಗಿ ಈ ಬಾಗಿಲು ಬಿಚ್ಚುತ್ತೇನೆ ಅಂದ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಅಂತ ನನಗೆ ಅನ್ನಿಸಿತು, ಆದರೆ ಉಗುರು ಯಾವುದು ಅಂತ ಗೊತ್ತಿಲ್ಲದವಳು ಏನು ಹೇಳಲಿ. ಇವರು ಮೋಟರು ಅಂದ ಮಾತಿಗೆ ಇಲ್ಲ ಅಂತ ತಲೆಯಾಡಿಸಿದರು.

"ಯಜಮಾನ್ರೇ, ಬಾಗಿಲು ತೆಗೀರಿ. ಒಂದೇ ನಿಮಿಷ ನೋಡ್ತೀನಿ" ಅಂದ.

ಇವರು ಒಳಗಿನಿಂದ ಬಲಗೈಯನ್ನು ಬಾಗಿಲಿನ ಮುಂದಿನ ಮೂಲೆಗೆ ಅಡ್ಡ ಇಟ್ಟು ಕೂತರು. ಒಂದೂವರೆ ಗಂಟೆ. ಬಲ್ಬು ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡ. "ಅವತ್ತೂ ನನ್ನ ಮೇಲೆ ನಂಬಿಕೆ ಇರಲಿಲ್ಲ, ಇವತ್ತೂ ಇಲ್ಲ ಬಿಡಿ ಅಮ್ಮ" ಅಂದ. ಮುಖ ಸಣ್ಣದಾಗಿತ್ತು. ಹಳೇ ಮೋಟರು ಸಿಕ್ಕರೆ ತರುತ್ತೇನೆ ಅಂತ ಹೇಳಿ ಹೋದ. ಕಲಿಸಿದವರಿಗಾಗಿ ಹೀಗೆ ಓಡಿಬಂದವನನ್ನು ಇವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಸಂಜೆಯವರೆಗೆ ನಾನೂ ಇವರ ಜೊತೆ ಮಾತಾಡಲಿಲ್ಲ. ಅದರಿಂದ ಮನೆಯಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ.

ಜೂನ್ ೧೦, ಸೋಮವಾರ

ಹೋಗಲಿಲ್ಲ. ಮೇಡಂ ಫೋನು ಮಾಡಿದಳು. ಜ್ವರ ಅಂದೆ. ಯಾರಿಗೆ ಅಂತ ಕೇಳಿದಳು. ಕಾರಿಗೆ ಅಂದೆ.

ಜೂನ್ ೧೨, ಬುಧವಾರ

ಬರೆಯಲು ಏನಿಲ್ಲ.

ಜೂನ್ ೧೪, ಶುಕ್ರವಾರ

ಈಗ ಇವರಿಗೆ ಇದೊಂದು ಚಾಳಿ. ನಾನು ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಕಾರಿನಲ್ಲಿ ಹೋಗಿ ಕೂರುತ್ತಾರೆ. ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಿತ್ತು ಕಪ್ಪಾಗಿದೆ. ಏನು ಮಾಡಿಕೊಂಡಿರಿ ಅಂತ ಕೇಳಿದೆ. ಇರುವುದೊಂದು ಕೈ, ಅದನ್ನೂ ಕಳಕೊಳ್ಳಿ ಅಂತ ಬೈದು ಔಷಧಿ ಹಚ್ಚಿದೆ.

ಇವತ್ತು ಎಬ್ಬಿಸಿ ಕರೆತರಲು ಹೋದವಳು ಸೊಂಟ ನೋವು ಅಂತ ಡ್ರೈವರ್ ಸೀಟಿನಲ್ಲಿ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಕಾರಿನೊಳಗೆ ಇವರ ಅಂಗಡಿಯ ವಾಸನೆಯೇ ಇದೆ, ಬಿಸಿಯಾದ ರಬ್ಬರು, ಹಳೇ ಗ್ರೀಸು. ಇಬ್ಬರೂ ಎದುರಿನ ಗೋಡೆ ನೋಡುತ್ತಾ ಕೂತೆವು. ಸಿನಿಮಾಕ್ಕೆ ಹೋದ ಹಾಗಿತ್ತು. ಕೀ ಅದರಲ್ಲೇ ಇತ್ತು. ತಿರುಗಿಸಿ ಸುಮ್ಮನೆ ಗುಂಡಿ ಒತ್ತಿದೆ.

ಗಾಜು ನಾಲ್ಕು ಬೆರಳು ಇಳಿಯಿತು.

ಮತ್ತೆ ಒತ್ತಿದೆ, ಇನ್ನೂ ನಾಲ್ಕು ಬೆರಳು. ಇವರ ಕಡೆ ತಿರುಗಿದೆ. ಇವರು ಒಂದು ಕಾಲು ಹೊರಗಿಟ್ಟು ಬಾಗಿಲು ಅರ್ಧ ತೆರೆದುಕೊಂಡು ಕೂತಿದ್ದರು. ಸರಿಹೋಯಿತು ಅಂತ ನಾನು ಸುತ್ತಿ ಬಂದು, ಕಾಲು ಒಳಗೆತ್ತಿ ಬಾಗಿಲು ಹಾಕಿ, ವಾಪಸು ಹೋಗಿ ಒತ್ತಿದರೆ ಏನೂ ಇಲ್ಲ. ಎಂಟು ಬೆರಳು ಇಳಿದು ಅಲ್ಲೇ ನಿಂತಿದೆ. ಇವರು ನನ್ನನ್ನೇ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಮೇಷ್ಟರು ನೋಡುವ ಹಾಗೆ, ಬರೆಯುತ್ತಾಳೋ ಇಲ್ಲವೋ ಅಂತ.

ಜೂನ್ ೧೫, ಶನಿವಾರ

ಬೆಳಗಿನ ಕೆಲಸ ಬೇಗ ಮುಗಿಸಿದೆ. ಪಾತ್ರೆ ಹಾಗೇ ಬಿದ್ದಿವೆ, ಬಿದ್ದಿರಲಿ.

ಸೀಮೆಸುಣ್ಣ ತಗೊಂಡು ಹೋಗಿ, ಬಾಗಿಲು ಎಲ್ಲೆಲ್ಲಿಗೆ ತೆರೆಯುತ್ತದೋ ಅಲ್ಲಲ್ಲಿ ನೆಲದ ಮೇಲೆ ಗೆರೆ ಎಳೆದೆ. ಒಂದೊಂದು ಗೆರೆಗೂ ಬಾಗಿಲು ನಿಲ್ಲಿಸಿ, ಸುತ್ತಿ ಹೋಗಿ ಗುಂಡಿ ಒತ್ತಿ, ಮತ್ತೆ ಬಂದು ನೋಡಿದೆ. ಪೂರ್ತಿ ಮುಚ್ಚಿದರೆ ಇಲ್ಲ. ಮೊದಲ ಗೆರೆ, ಇಲ್ಲ. ಎರಡು, ಮೂರು, ಗಾಜು ಓಡುತ್ತದೆ. ನಾಲ್ಕು, ತಡೆದು ತಡೆದು. ಪೂರ್ತಿ ತೆರೆದರೆ ಇಲ್ಲ. ಹನ್ನೊಂದು ಸಲ ಕಾರು ಸುತ್ತಿದೆ. ಪಕ್ಕದ ಮನೆಯವಳು ಮಹಡಿಯಿಂದ ಇಣುಕಿ, ಏನಜ್ಜಿ, ಪ್ರದಕ್ಷಿಣೆನಾ ಅಂತ ಕೇಳಿದಳು. ಸೀಟಿನಲ್ಲಿ ಕೂತಿದ್ದ ಇವರ ಬಾಯಿಯ ಬಲಗಡೆ ಸ್ವಲ್ಪ ಮೇಲೆ ಹೋಯಿತು. ಎಡಗಡೆ ಹೋಗುವುದಿಲ್ಲ.

ಅಂದರೆ ಮೋಟರು ಕೆಟ್ಟಿಲ್ಲ, ಗುಂಡಿ ಕೆಟ್ಟಿಲ್ಲ. ಬಾಗಿಲು ಮಡಚುವ ಕಡೆ ಏನೋ ಮುಟ್ಟುತ್ತದೆ, ಬಿಡುತ್ತದೆ. ಇಷ್ಟು ಗೊತ್ತಾಗುವ ಹೊತ್ತಿಗೆ ಬಿಸಿಲು ಏರಿತ್ತು. ನಾಳೆ ನೋಡಿಕೊಳ್ಳೋಣ ಅಂದೆ. ಇವರು ಮೂಲೆ ಬಡಿದರು. ನಾಳೆ ಅಂದೆನಲ್ಲ ಅಂದೆ.

ಜೂನ್ ೧೬, ಭಾನುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಬೆಳಗ್ಗೆ ಇವರನ್ನು ಸೀಟಿನಲ್ಲಿ ಕೂರಿಸಿ, ಬಾಗಿಲು ಪೂರ್ತಿ ತೆರೆದು ಕೀಲಿನ ಮುಂದೆ ಮಣೆ ಹಾಕಿ ಕೂತೆ. ಮಡಚುವ ಕಡೆ ಇರುವುದು ಎರಡು ಕಬ್ಬಿಣದ ಕೀಲು, ಅವುಗಳ ನಡುವೆ ನನ್ನ ರಬ್ಬರಿನ ಕೊಳವೆ, ಅದರ ಮೇಲೆ ನನ್ನ ಪರದೆ, ಅದರ ಮೇಲೆ ನನ್ನ ಗಂಟು. ಕಾರಿನಿಂದ ಬಾಗಿಲಿಗೆ ಹೋಗುವ ದಾರಿ ಬೇರೆ ಇಲ್ಲ. ಕರೆಂಟೂ ಅಲ್ಲಿಂದಲೇ ಹೋಗಬೇಕು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಗಂಟಿನ ಒಂದು ಕಡೆ ಬಟ್ಟೆ ಕೆದರಿ ನೂಲು ನೂಲಾಗಿತ್ತು, ಯಾರೋ ದಿನಾ ಉಗುರಿನಿಂದ ಕಿತ್ತ ಹಾಗೆ. ಇವರ ಹೆಬ್ಬೆರಳು ನೋಡಿದೆ. ಇವರು ಕೈ ಮಡಚಿ ಒಳಗೆ ಇಟ್ಟುಕೊಂಡರು.

ಕತ್ತರಿಯಿಂದ ಪರದೆ ಕತ್ತರಿಸಿ ರಬ್ಬರನ್ನು ಹಿಂದಕ್ಕೆ ಸರಿಸಿದೆ. ಒಳಗೆ ಏಳೆಂಟು ವೈರು. ಒಂದು ಪೂರ್ತಿ ಹರಿದಿತ್ತು, ಇನ್ನೊಂದು ಒಂದೆಳೆಯಲ್ಲಿ ನೇತಾಡುತ್ತಿತ್ತು. ಎಪ್ಪತ್ತು ಕೆಜಿ ಮನುಷ್ಯ ವಾರಕ್ಕೆ ಮೂರು ದಿನ, ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಜಗ್ಗಿದರೆ ಇನ್ನೇನಾಗುತ್ತೆ. ಗಾಜು ನಿಲ್ಲಿಸಿದವಳು ನಾನು. ಅದಕ್ಕೇ ಹಗ್ಗ ಮುಟ್ಟುತ್ತಿರಲಿಲ್ಲ, ಅದಕ್ಕೇ ಇಳಿಯುತ್ತಿರಲಿಲ್ಲ. ಮೂಲೆ ಬಡಿದು ಬಡಿದು ಹೇಳಿದರು, ನಾನು ಹಿಂದಿನ ಗಾಜು ಇಳಿಸಿ ಗಾಳಿ ಹಾಕಿದೆ.

ಹರಿದ ವೈರನ್ನು ಹಿಡಿಯಲು ಕೈ ಚಾಚಿದೆ.

"ಕೀ."

ಯಾರು ಅಂತ ಹಿಂದೆ ತಿರುಗಿ ನೋಡಿದೆ. ಚಪ್ಪರದಲ್ಲಿ ಇನ್ಯಾರೂ ಇರಲಿಲ್ಲ.

"ಕೀ... ತೆಗಿ."

ಕೀ ಅದರಲ್ಲೇ ಇತ್ತು. ಕರೆಂಟು ಇರುವಾಗ ವೈರು ಮುಟ್ಟಬಾರದು ಅನ್ನುವುದು ಇವರ ಅಂಗಡಿಯ ಕಾನೂನು, ಬಲ್ಬನಿಗೆ ಅದಕ್ಕೇ ಎಷ್ಟೋ ಸಲ ತಲೆಗೆ ಮೊಟಕಿದ್ದಾರೆ. ಎದ್ದು ಹೋಗಿ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಹೇಳೋದಕ್ಕೆ ಬಾಯಿ ಇತ್ತಲ್ಲ. ಹದಿಮೂರು ದಿನ ಯಾಕೆ ಬಡಿದಾಡಿದಿರಿ? ಆ ಬಲ್ಬನನ್ನ ಯಾಕೆ ಓಡಿಸಿದಿರಿ?" ಅಂದೆ.

ಬಹಳ ಹೊತ್ತು ಬಾಯಿಯಲ್ಲಿ ಏನನ್ನೋ ಹೊರಳಿಸಿದರು. ಹೊರಗೆ ಬಂದದ್ದು ಇಷ್ಟು.

"ಗಂಟು... ಗಟ್ಟಿ."

ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಇವರ ರಿಪೇರಿ ಸಾಮಾನಿನ ಡಬ್ಬಿ ತಂದಿದ್ದೆ. ವೈರಿನ ಸಿಪ್ಪೆಯನ್ನು ಇವರು ಹಲ್ಲಿನಿಂದಲೇ ಸುಲಿದರು. ಸೇರಿಸಿ ತಿರುಚುವುದಕ್ಕೆ ಮೂರು ಕೈ ಬೇಕು. ಒಂದು ಹಿಡಿಯಲು, ಎರಡು ಹೊಸೆಯಲು. ಇವರ ಬಲಗೈ ರಬ್ಬರನ್ನು ಹಿಂದಕ್ಕೆ ಹಿಡಿದಿತ್ತು. ಬೇರೆ ದಾರಿ ಕಾಣದೆ ವೈರಿನ ಒಂದು ತುದಿಯನ್ನು ಇವರ ಎಡಗೈ ಬೆರಳಿನ ಸಂದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅದಕ್ಕೆ ಹೊಸೆದೆ. ಜಾರುತ್ತದೆ ಅಂದುಕೊಂಡಿದ್ದೆ, ಜಾರಲಿಲ್ಲ. ನಾನು ಎಳೆದರೂ ಬಿಡಲಿಲ್ಲ. ಬಿಡಿ ಸಾಕು, ಆಯಿತು ಅಂದಮೇಲೆ ಬಿಟ್ಟರು. ಹೀಗೆ ಎರಡು ವೈರು. ಟೇಪು ಸುತ್ತುವಾಗ ನಾಲ್ಕು ಸಲ "ಹಾಗಲ್ಲ" ಅಂದರು. ಐದನೇ ಸಲ ಅಂದರೆ ನೀವೇ ಸುತ್ತಿ ಅಂದೆ, ಸುಮ್ಮನಾದರು.

ಬಾಗಿಲು ಪೂರ್ತಿ ಹಾಕಿ ಗುಂಡಿ ಒತ್ತಿದೆ. ಗಾಜು ಕೊನೆಯವರೆಗೆ ಇಳಿಯಿತು. ಮೇಲೆ ಬರುವಾಗ ಮಾತ್ರ ಕಿರ್ರ್ ಅನ್ನುತ್ತದೆ. ಅದು ಅದರ ವಯಸ್ಸು.

ಪಾತ್ರೆ ನಿನ್ನೆಯವೂ ಇವೆ.

ಜೂನ್ ೧೭, ಸೋಮವಾರ

ಹೋದೆವು. ಗಾಜು ಇಳಿಸಿ ಎಡಗೈ ಅಂಚಿನ ಮೇಲೆ. ಮಗಳು ದಾರಿಯಲ್ಲಿ ಎರಡು ಸಲ ಇವರ ಕಡೆ ತಿರುಗಿದಳು, ರಸ್ತೆ ನೋಡು ಅಂದೆ. ಹೊಸ ಹಗ್ಗವನ್ನು ಸೀಟಿನ ಕೆಳಗಿನ ಕಬ್ಬಿಣಕ್ಕೆ ಕಟ್ಟಿದ್ದೇನೆ. ಈ ಸಲ ಎಲ್ಲಿ ಕಟ್ಟಲಿ ಅಂತ ಕೇಳಿ ಕಟ್ಟಿದೆ.

ಮೇಡಂ ಚೆಂಡು ಕೊಟ್ಟಳು. ಹಿಸುಕಲು ಆಗಲಿಲ್ಲ. ಅದು ಬೇಡ, ಎರಡು ತುಂಡು ವೈರು ಕೊಡಿ ಅಂತ ನಾನು ಹೇಳಿದೆ. ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಎಲ್ಲಿಂದಲೋ ಹಳೇ ಫೋನಿನ ವೈರು ತಂದಳು.

ಜೂನ್ ೧೯, ಬುಧವಾರ

ಸಂಜೆ ಬಲ್ಬು ಬಂದ, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಮೋಟರು. ಮುಖ ಸಣ್ಣದು ಮಾಡಿಕೊಂಡು ಹೋದವನು, ಆದರೂ ನಾಲ್ಕು ಕಡೆ ಅಲೆದು ಹುಡುಕಿ ತಂದಿದ್ದಾನೆ. ಗಾಜು ಇಳಿದದ್ದನ್ನು ನೋಡಿ ಚಪ್ಪರದಲ್ಲೇ ನಿಂತುಬಿಟ್ಟ. ಯಾರು ಮಾಡಿದ್ದು ಅಂತ ಕೇಳಿದ. ನಿಮ್ಮ ಯಜಮಾನರು ಅಂದೆ. ನನ್ನ ಮುಖ, ಇವರ ಮುಖ ನೋಡಿದ.

"ಏನಾಗಿತ್ತಮ್ಮ, ತೊಂದರೆ?"

ಮುಚ್ಚಿಡುವ ಜಾತಿ ನನ್ನದಲ್ಲ. ಇವನಿಗೆ ಹೇಳಿದರೆ ನಾಳೆ ಬೆಳಗ್ಗೆ ಗ್ಯಾರೇಜಿನಲ್ಲಿ ಹತ್ತು ಜನ ನಗುತ್ತಾರೆ, ಮೂವತ್ತು ವರ್ಷ ನಗುತ್ತಾರೆ, ಯಜಮಾನರ ಹೆಂಡತಿ ವೈರಿಗೆ ಹಗ್ಗ ಕಟ್ಟಿದಳು ಅಂತ. ನಗಲಿ ಅಂದುಕೊಂಡು ಬಾಯಿ ತೆರೆದೆ. ಮಗಳೂ ಅಲ್ಲೇ ಇದ್ದಳು.

"ಇಲಿ."

ಕುರ್ಚಿಯಿಂದ ಇವರು. ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಬಲ್ಬು ಹತ್ತಿರ ಹೋಗಿ ಬಗ್ಗಿದ.

"ಏನಂದ್ರಿ, ಯಜಮಾನ್ರೇ?"

"ಇಲಿ... ಕಡೀತು."

ಯಾರೂ ನಗಲಿಲ್ಲ. ಬಲ್ಬು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಈ ಇಲಿಗಳ ಕಾಟ ಹೇಳತೀರದು ಅಂತ ಶುರು ಮಾಡಿದ. ತನ್ನ ಗ್ಯಾರೇಜಿನಲ್ಲಿ ಒಂದು ಇಲಿ ಇಡೀ ಕಾರಿನ ವೈರಿಂಗ್ ತಿಂದು ಡಿಕ್ಕಿಯಲ್ಲಿ ಮರಿ ಹಾಕಿತ್ತಂತೆ. ಇವರು ತಲೆಯಾಡಿಸುತ್ತಾ ಕೇಳಿದರು.

"ದೊಡ್ಡದಾಗಿತ್ತಾ, ನಿಮ್ಮದು?"

ಇವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಳೇದು."

ಅವತ್ತು ಬಾಗಿಲಿಗೆ ಕೈ ಅಡ್ಡ ಇಟ್ಟು ಒಂದೂವರೆ ಗಂಟೆ ಕೂತದ್ದು ಯಾಕೆ ಅಂತ ಆಗ ನನಗೆ ತಿಳಿಯಿತು. ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಬಲ್ಬನಿಗೆ ಎರಡು ಲೋಟ ಕೊಟ್ಟೆ.

ಈಗಷ್ಟೇ ಮೇಡಂ ಹಾಳೆ ತುಂಬಿದೆ. ಹೊರಗಿನವರ ಜೊತೆ ಮಾತು ಅನ್ನುವ ಕಡೆ, ನಾಲ್ಕು. ಮೂರು ಸುಳ್ಳು, ಒಂದು ಕುಚೋದ್ಯ. ಲೆಕ್ಕ ಮಾತ್ರ ಈ ಸಲ ನಿಜ.